ಸರ್ವಮಂಗಳಾ ಸುಮ್ಮನಿದ್ದ ವಾರ

ನಂಜನಗೂಡಿನ ಬಜಾರಿನ ಹಿಂದಿನ ಬೀದಿಯಲ್ಲಿ ಒಂದು ಹಿಟ್ಟಿನ ಮಿಲ್ಲಿದೆ. ಅಲ್ಲಿ ಮೆಷಿನ್ನು ನೋಡಿಕೊಳ್ಳುವವನು ಬೆಟ್ಟಸ್ವಾಮಿ. ಮೆಷಿನ್ನೊಂದನ್ನು ಬಿಟ್ಟು ಮಿಕ್ಕ ಪ್ರಪಂಚವನ್ನೆಲ್ಲ ನೋಡಿಕೊಳ್ಳುವವಳು ಅವನ ಹೆಂಡತಿ ಸರ್ವಮಂಗಳಾ. ಖಾರದ ಪುಡಿಗೆ ಶನಿವಾರವೇ ಬರಬೇಕು, ಗೋಧಿಯನ್ನು ಒಣಗಿಸದೆ ತರಕೂಡದು, ಡಬ್ಬದ ಮುಚ್ಚಳ ಭದ್ರವಾಗಿರಬೇಕು ಎಂದೆಲ್ಲ ಕಾನೂನು ಮಾಡಿದವಳು ಅವಳೇ, ಮುರಿದವರಿಗೆ ಬೈಯುವವಳೂ ಅವಳೇ. ಮಿಲ್ಲಿನ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವಳ ಗಂಟಲು ಒಂದು ಎತ್ತರಕ್ಕೆ ಏರಿ ಕೂತಿದೆ. ಕರೆಂಟು ಹೋಗಿ ಮೆಷಿನ್ನು ನಿಂತರೂ ಅದು ಕೆಳಗಿಳಿಯುವುದಿಲ್ಲ.

ಬೆಟ್ಟಸ್ವಾಮಿಗೆ ಮಾತು ಬರುವುದಿಲ್ಲ ಎಂದೇನಲ್ಲ. ಶುರು ಮಾಡುವುದು ನಿಧಾನ. ಅವನು ಬಾಯಿ ತೆರೆದು, ಏನು ಹೇಳಬೇಕೆಂದು ಯೋಚಿಸಿ, ಮೊದಲನೆಯ ಪದ ಹೊರಡಿಸುವಷ್ಟರಲ್ಲಿ ಸರ್ವಮಂಗಳಾ ಆ ವಿಷಯವನ್ನು ಎತ್ತಿ, ತೀರ್ಮಾನ ಮಾಡಿ, ಮುಂದಿನದಕ್ಕೆ ಹೋಗಿರುತ್ತಾಳೆ. ನಡುವೆ ಅವನೇನಾದರೂ "ಅದಲ್ಲ ಕಣೇ" ಎಂದರೆ "ನೀವು ಸುಮ್ನಿರಿ" ಎಂದುಬಿಡುತ್ತಾಳೆ. ಅವನು ಸುಮ್ಮನಾಗುತ್ತಾನೆ. ಮಿಲ್ಲಿನೊಳಗೆ ಮಾತ್ರ ಇಬ್ಬರ ನಡುವೆ ಮಾತೇ ಬೇಡ, ಕೈಸನ್ನೆ ಸಾಕು. ಬೆರಳುಗಳನ್ನು ಜೋಡಿಸಿ ಉಜ್ಜಿದರೆ ನುಣ್ಣಗೆ, ಅಂಗೈ ಅಗಲಿಸಿದರೆ ತರಿ, ಮುಷ್ಟಿಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಮೆಷಿನ್ನು ಶುರು ಮಾಡಿ ಎಂದು ಅರ್ಥ. ಈ ಮೂರರಲ್ಲಿ ಅವನು ಒಂದು ದಿನವೂ ತಪ್ಪಿದವನಲ್ಲ.

ಇಂಥ ಹೆಂಗಸಿನ ಎಡದವಡೆಯಲ್ಲಿ, ಐವತ್ತು ಹತ್ತಿರ ಬಂದ ಮೇಲೆ, ಬುದ್ಧಿಹಲ್ಲು ತಕರಾರು ತೆಗೆಯಿತು. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಬೀದಿಯವರು ಹೇಳಿದ ಸೊಪ್ಪು ಸದೆಯನ್ನೆಲ್ಲ ಅಗಿದದ್ದಾಯಿತು. ಕೊನೆಗೆ ಕಿವಿಯೊಳಗೆಲ್ಲ ನೋವು ಹರಿದಾಡತೊಡಗಿದಾಗ ಹಲ್ಲಿನ ಡಾಕ್ಟರ್ ರಮ್ಯಶ್ರೀಯ ಹತ್ತಿರ ಹೋದಳು. ದೇವಸ್ಥಾನದ ಕಡೆಯ ಬೀದಿಯ ಹುಡುಗಿ, ಮೆಲುದನಿ, ಎಲ್ಲರನ್ನೂ ಆಂಟಿ ಅಂಕಲ್ ಎನ್ನುವವಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಆಂಟಿ, ಕೆಳಗಿಂದು ಅಡ್ಡಡ್ಡ ಬೆಳೆದು ಪಕ್ಕದ ಹಲ್ಲನ್ನ ಗುದ್ತಾ ಇದೆ. ಮೇಲಿಂದು ಅದರ ಮೇಲೆ ಕೂತಿದೆ. ಎರಡೂ ತೆಗೀಬೇಕು. ಈ ಸೋಮವಾರ ಬಂದ್ಬಿಡಿ, ಒಂದು ವಾರದಲ್ಲಿ ಆರಾಮಾಗಿ ಊಟ ಮಾಡ್ತೀರ" ಎಂದಳು.

ಡಾಕ್ಟರ ಮಾತು ಕೇಳಿ ಸೋಮವಾರವೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೋಮವಾರ ನಂಜುಂಡೇಶ್ವರನ ವಾರ, ಅವತ್ತು ರಕ್ತ ಹರಿಸುವುದುಂಟೆ? ಮಂಗಳವಾರ ಬೇಡವೇ ಬೇಡ. ಬುಧವಾರ ಅಮಾವಾಸ್ಯೆ. ಹಲ್ಲು ಕೀಳಿಸಲು ಗಳಿಗೆ ನೋಡುವವರನ್ನು ರಮ್ಯಶ್ರೀ ಅದುವರೆಗೂ ಕಂಡಿರಲಿಲ್ಲ. ಅಂತೂ ಗುರುವಾರ ಬೆಳಗ್ಗೆ ಎಂದು ನಿಕ್ಕಿಯಾಯಿತು. ಅದರ ಮುಂದಿನ ಸೋಮವಾರವೇ ಸರ್ವಮಂಗಳಾ ಟಿ. ನರಸೀಪುರದ ಕಡೆಗೆ ಹೋಗಬೇಕಾಗಿತ್ತು. ಹೋಗಿ, ಊಟ ಮಾಡಿ ಬರಬೇಕಾಗಿತ್ತು.

ಆ ಊಟದ ವಿಷಯ ಸ್ವಲ್ಪ ಹೇಳಬೇಕು. ಸರ್ವಮಂಗಳಾಗೆ ಇರುವವನು ಒಬ್ಬನೇ ತಮ್ಮ, ಚಿಕ್ಕಸ್ವಾಮಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ದಾರಿಯ ಊರಿನಲ್ಲಿ ಭತ್ತ, ಕಬ್ಬು ಎಂದು ಬೇಸಾಯ ಮಾಡಿಕೊಂಡಿದ್ದಾನೆ. ಹತ್ತು ವರ್ಷದ ಹಿಂದೆ ಅವನ ಮದುವೆ ನರಸೀಪುರದ ಛತ್ರವೊಂದರಲ್ಲಿ ನಡೆಯಿತು. ಮೊದಲ ಪಂಕ್ತಿಯಲ್ಲಿ ಮನೆಯ ಅಳಿಯ ಬೆಟ್ಟಸ್ವಾಮಿಯನ್ನು ಸರ್ವಮಂಗಳಾ ತಾನೇ ಕೈಹಿಡಿದು ಕೂರಿಸಿ, ತುಪ್ಪದ ಗಿಂಡಿ ತರಲು ಒಳಗೆ ಹೋದಳು. ಹೊರಗೆ ಬಂದು ನೋಡಿದರೆ, ಚಿಕ್ಕಸ್ವಾಮಿ ಹೆಣ್ಣಿನ ಕಡೆಯ ಮುದುಕರೊಬ್ಬರನ್ನು ಕರೆದುಕೊಂಡು ಬಂದು ಬೆಟ್ಟಸ್ವಾಮಿಯ ಎಲೆಯ ಮುಂದೆ ಬಗ್ಗಿದ್ದಾನೆ. ಬೆಟ್ಟಸ್ವಾಮಿ ಎದ್ದ. ಮುದುಕರು ಅದೇ ಎಲೆಗೆ ಕೂತರು. ಎಲೆಗೆ ಉಪ್ಪು ಬಡಿಸಿ ಆಗಿತ್ತು. ಉಪ್ಪು ಬಡಿಸಿದ ಎಲೆಯ ಮುಂದಿನಿಂದ ಮನೆ ಅಳಿಯನನ್ನು ಎಬ್ಬಿಸುವುದೆಂದರೆ ಅದು ಇಡೀ ಛತ್ರದ ಎದುರು ಕೆನ್ನೆಗೆ ಹೊಡೆದ ಹಾಗೆ.

ಸರ್ವಮಂಗಳಾ ತುಪ್ಪದ ಗಿಂಡಿಯನ್ನು ಅಲ್ಲೇ ನೆಲಕ್ಕಿಟ್ಟಳು. ಗಂಡನ ಕೈ ಹಿಡಿದಳು. "ಅದಲ್ಲ ಕಣೇ" ಎಂದ ಅವನು. "ನೀವು ಸುಮ್ನಿರಿ" ಎಂದಳು. ಮದುಮಗ ತಮ್ಮನ ಮುಂದೆ, ತಾಳಿ ಕಟ್ಟಿಸಿಕೊಂಡು ಇನ್ನೂ ಅರಿಶಿನ ಒಣಗದ ಹೆಣ್ಣು ಸುನೀತಾಳ ಮುಂದೆ, "ನಿಮ್ಮನೇಲಿ ಇನ್ನು ಒಂದು ತೊಟ್ಟು ನೀರೂ ಮುಟ್ಟಲ್ಲ" ಎಂದು ಕೂಗಿ, ಬಸ್‌ ಸ್ಟ್ಯಾಂಡಿಗೆ ನಡೆದೇ ಹೋದಳು.

ಮುಟ್ಟಲೂ ಇಲ್ಲ. ಚಿಕ್ಕಸ್ವಾಮಿ ಮಾತ್ರ ಪ್ರತಿ ಗೌರಿ ಹಬ್ಬಕ್ಕೂ ತಾನೇ ಬಂದು ಅಕ್ಕನಿಗೆ ಸೀರೆ, ಅರಿಶಿನ ಕುಂಕುಮ, ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ತಲೆ ತಗ್ಗಿಸಿಕೊಂಡು ಕಾಫಿ ಕುಡಿದು ಹೋಗುತ್ತಿದ್ದ. ಅವನ ಕಡೆಯ ಒಂದೊಂದು ಶುಭಕಾರ್ಯಕ್ಕೂ ಕರೆ ಬಂದಾಗ ಸರ್ವಮಂಗಳಾ "ಹುಷಾರಿಲ್ಲ" ಎಂದು ಹೇಳಿ ಕಳಿಸುತ್ತಿದ್ದಳು. ಅವನ ಮಗಳು ನಯನಾಗೆ ಹೆಸರಿಟ್ಟ ದಿನವೂ ಹುಷಾರಿರಲಿಲ್ಲ. ಮಗುವಿನ ಕಿವಿಯಲ್ಲಿ ಸೋದರತ್ತೆ ಹೇಳಬೇಕಾದ ಹೆಸರನ್ನು ಅವತ್ತು ಇನ್ಯಾರೋ ಹೇಳಿದರು. ಆ ದಿನ ಮಿಲ್ಲಿನಲ್ಲಿ ಅವಳು ಒಬ್ಬ ಗಿರಾಕಿಗೂ ಬೈಯಲಿಲ್ಲ ಎಂದು ಬೀದಿಯವರು ಈಗಲೂ ನೆನೆಯುತ್ತಾರೆ.

ಈ ಸಲ ಚಿಕ್ಕಸ್ವಾಮಿ ಹಬ್ಬವಿಲ್ಲದೆಯೇ ಬಂದಿದ್ದ. "ಅಕ್ಕ, ಹೊಸ ಮನೆ ಕಟ್ಟಿದ್ದೀನಿ. ಸೋಮವಾರ ಒಕ್ಕಲು. ಅವ್ವ ಇದ್ದಿದ್ರೆ ಅವ್ವ ಬತ್ತಿದ್ಲು. ಈಗ ಹಾಲು ಉಕ್ಕಿಸಕ್ಕೆ ಮನೆ ಹೆಣ್ಣುಮಗಳು ಅಂತ ಇರೋಳು ನೀನೊಬ್ಳೇ. ನೀನು ಬರ್ದಿದ್ರೆ ನಾನು ಒಲೆ ಹಚ್ಚಲ್ಲ" ಎಂದ. ಆಮೇಲೆ ಕಾಲಿನ ಹೆಬ್ಬೆರಳು ನೋಡುತ್ತಾ, "ಸುನೀತಾ ಹೇಳವ್ಳೆ, ಇದೇ ಕೊನೇ ಕರೆಯಂತೆ" ಎಂದ. ಸರ್ವಮಂಗಳಾ ಅವತ್ತು ಜಗಳವಾಡಲಿಲ್ಲ. ಸಾಕಾಗಿತ್ತು ಅವಳಿಗೂ. ತವರು ಬೇಕಾಗಿತ್ತು. ಬರುತ್ತೇನೆ, ಬಂದು ಉಂಡೇ ಹೋಗುತ್ತೇನೆ ಎಂದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆ ಮನೆಯ ಎಲೆಯ ಮುಂದೆ ಕೂತು ಉಣ್ಣುವುದನ್ನು ಬಿಟ್ಟು ಬೇರೆ ದಾರಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗುರುವಾರ ಹಲ್ಲುಗಳೇನೋ ಬಂದವು. ಮೇಲಿನದು ಸಲೀಸಾಗಿ ಬಂತು. ಕೆಳಗಿನದನ್ನು ತುಂಡು ಮಾಡಿ, ಕಿತ್ತು, ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ರಮ್ಯಶ್ರೀ ಹೇಳಿದಳು: "ಬಿಸೀದು ಬೇಡ, ಗಟ್ಟೀದು ಬೇಡ, ಉಗುಳ್ಬೇಡಿ. ಮುಖ್ಯವಾಗಿ ಮೂರ್ನಾಲ್ಕು ದಿನ ಮಾತೇ ಆಡ್ಬೇಡಿ. ಸ್ಟ್ರಾ ಹಾಕ್ಕೊಂಡು ಏನನ್ನೂ ಹೀರ್ಲೇಬೇಡಿ. ಹೀರಿದ್ರೆ ಗಾಯದ ಮೇಲೆ ಹೆಪ್ಪುಗಟ್ಟಿರೋ ರಕ್ತ ಕಿತ್ಕೊಂಡ್ಬರುತ್ತೆ, ಆಮೇಲೆ ನೋವು ತಡೆಯಕ್ಕಾಗಲ್ಲ." ಇದನ್ನೆಲ್ಲ ಅವಳು ಹೇಳಿದ್ದು ಬೆಟ್ಟಸ್ವಾಮಿಗೆ. ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. ಅವನು ತಲೆಯಾಡಿಸುವುದನ್ನು ನೋಡಿಯೇ ಸರ್ವಮಂಗಳಾಗೆ ಭಯವಾಯಿತು.

ಭಯ ಸುಳ್ಳಾಗಲಿಲ್ಲ. ಬರೆದು ತೋರಿಸೋಣವೆಂದರೆ ಸಹಿಯನ್ನು ಬಿಟ್ಟು ಅವಳಿಗೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಬಂದು ಕೆನ್ನೆಗೆ ಐಸು ಬೇಕೆಂದು ಕೆನ್ನೆ ತಟ್ಟಿ ತೋರಿಸಿದರೆ ಪೌಡರ್ ಡಬ್ಬಿ ತಂದುಕೊಟ್ಟ. ಮಾತ್ರೆ ದಪ್ಪವಿದೆ, ಪುಡಿ ಮಾಡಿಕೊಡಿ ಎಂದು ಬೆರಳು ಜೋಡಿಸಿ ಉಜ್ಜಿದಳು. ಅದೊಂದು ಅವನಿಗೆ ತಕ್ಷಣ ಅರ್ಥವಾಯಿತು. "ನುಣ್ಣಗೆ" ಎನ್ನುತ್ತ ಹೋಗಿ, ಯಾರದೋ ರಾಗಿಯನ್ನು ನುಣ್ಣಗೆ ಮಾಡಿಟ್ಟು ಬಂದ. ಚಿಕ್ಕಸ್ವಾಮಿಗೆ ಫೋನು ಮಾಡಿ ಹಲ್ಲಿನ ವಿಷಯ ಪೂರ್ತಿ ತಿಳಿಸಿ ಎಂದು ಫೋನು ತೋರಿಸಿ, ಬಾಯಿ ತೋರಿಸಿ, ನರಸೀಪುರದ ದಿಕ್ಕಿಗೆ ಕೈಮಾಡಿದಳು. ಬೆಟ್ಟಸ್ವಾಮಿ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದ. ಸರ್ವಮಂಗಳಾ ಕಿವಿಗೊಟ್ಟು ಕೇಳಿದಳು.

"ಏನಪ್ಪಾ ಚಿಕ್ಕಸ್ವಾಮಿ. ಹೂಂ. ಹೂಂ. ನಿಮ್ಮಕ್ಕಂಗೆ ವಸಿ ಉಸಾರಿಲ್ಲ. ಬತ್ತೀವಿ, ಬತ್ತೀವಿ. ಇಡ್ಲಾ?"

ಮುಗಿಯಿತು. ಹತ್ತು ವರ್ಷದಿಂದ ಯಾವ ಮಾತನ್ನು ನೆಪವಾಗಿ ಹೇಳಿ ಕಳಿಸಿದ್ದಳೋ ಅದೇ ಮಾತು, ಈಗ ನಿಜವಾದಾಗಲೂ, ನೆಪದ ವೇಷದಲ್ಲೇ ಹೋಯಿತು. ಸರ್ವಮಂಗಳಾ ಮಂಚದ ಮೇಲೆ ಕೂತು ಎರಡೂ ಕೈಯಿಂದ ಹಣೆ ಚಚ್ಚಿಕೊಂಡಳು. ಬೆಟ್ಟಸ್ವಾಮಿ ಒಳಗೆ ಬಂದು, ತಲೆನೋವೆಂದು ತಿಳಿದು, ಅಮೃತಾಂಜನ ಹಚ್ಚಿದ.

ಅಷ್ಟು ಸಾಲದೆಂಬಂತೆ ಶುಕ್ರವಾರದಿಂದ ನೋಡಲು ಬರುವವರು ಶುರುವಾದರು. ನಮ್ಮ ಕಡೆ ಒಬ್ಬರು ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಸಾಕು, ಅವರನ್ನು ನೋಡಿಕೊಂಡು ಬರದವರು ಮನುಷ್ಯರೇ ಅಲ್ಲ. ಬರಿಗೈಯಲ್ಲಿ ಬರುವುದಂತೂ ಇಲ್ಲ. ಹಲ್ಲು ಕೀಳಿಸಿಕೊಂಡವಳಿಗೆ ಒಬ್ಬರು ರಸ್ಕು ತಂದರು, ಇನ್ನೊಬ್ಬರು ಸೇಬು, ಕಾಯಿಹೋಳಿಗೆ ಮಾಡಿದ್ದೆವೆಂದು ಮತ್ತೊಬ್ಬರು. ತಂದವರೆಲ್ಲ ಮಂಚದ ಎದುರು ಕೂತು, ಹಲ್ಲು ಕೀಳಿಸಿ ಕಣ್ಣು ಕಳೆದುಕೊಂಡವರ, ಬಾಯಿ ಸೊಟ್ಟಗಾದವರ ಕಥೆಗಳನ್ನು ಹೇಳಿದರು. ಇಷ್ಟು ವರ್ಷ ಸರ್ವಮಂಗಳಾಳ ಮುಂದೆ ಒಂದು ಮಾತನ್ನು ಪೂರ್ತಿ ಆಡಿ ಮುಗಿಸಲಾಗದಿದ್ದವರೆಲ್ಲ ಅವತ್ತು ಬಾಕಿ ತೀರಿಸಿಕೊಂಡರು. ಅವಳು ಮೈ ಉರಿದುಕೊಂಡು, ಕಣ್ಣಲ್ಲೇ ಎಲ್ಲರನ್ನೂ ಬೈಯುತ್ತ ಕೂತಿದ್ದಳು.

ಸಂಜೆ ಬಂದವಳು ಎದುರು ಮನೆಯ ವೆಂಕಟಮ್ಮ. ಸರ್ವಮಂಗಳಾಗೆ ತಾಯಿಯಷ್ಟು ವಯಸ್ಸು, ದೇವನೂರಿನ ಕಡೆಯವಳು. ತೋಟದಿಂದ ತರಿಸಿದ ಎಳನೀರನ್ನು ಕೆತ್ತಿಸಿ, ಅದಕ್ಕೊಂದು ಸ್ಟ್ರಾ ಸಿಕ್ಕಿಸಿಕೊಂಡೇ ಬಂದಿದ್ದಳು.

"ಅಲ್ಲು ಕೀಳ್ಸ್ಕಂಡ್ಯಂತೆ ಮಗಾ. ಎಲ್ಲಾ ಈಟಾಗದೆ ಕಣವ್ವ ನಿಂಗೆ. ಕುಡಿ, ತಂಪು."

ಸರ್ವಮಂಗಳಾ ಸ್ಟ್ರಾ ಕಡೆ ತೋರಿಸಿ ಬೇಡವೆಂದು ತಲೆ ಅಲ್ಲಾಡಿಸಿದಳು.

"ಅಯ್ಯೋ, ಬ್ಯಾಡ ಅಂದ್ರೆ? ಈ ಮುದ್ಕಿ ಕೈಲಿ ಒತ್ಕಂಡು ಬಂದಿವ್ನಿ. ಬಾಯಿ ಆಡ್ಸಂಗಿಲ್ವಲ್ಲ ನೀನು, ಅದ್ಕೇ ಕೊಳವೆ ಆಕ್ಸಿದ್ದು."

ಸರ್ವಮಂಗಳಾ ಗಂಡನ ಕಡೆ ನೋಡಿದಳು. ಡಾಕ್ಟರು ಹೇಳಿದ್ದನ್ನು ಹೇಳಬೇಕಾದವನು ಅವನು ತಾನೆ? ಬೆಟ್ಟಸ್ವಾಮಿ ಬಾಯಿ ತೆರೆದು "ಅದು…" ಎಂದ. ಮುಂದಿನ ಪದಕ್ಕೆ ಕಾಯುತ್ತ ನಿಂತ. ಅಷ್ಟರಲ್ಲಿ ವೆಂಕಟಮ್ಮ ಸ್ಟ್ರಾವನ್ನು ಸರ್ವಮಂಗಳಾಳ ತುಟಿಗೆ ಮುಟ್ಟಿಸಿಯೇಬಿಟ್ಟಿದ್ದಳು. ಹಿರಿಯಳು, ಪ್ರೀತಿಯಿಂದ ತಂದವಳು. ಬೆಳಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದಿಷ್ಟು ಅಂಬಲಿ ಮಾತ್ರ. ಸರ್ವಮಂಗಳಾ ಹೀರಿದಳು. ಎಳನೀರು ತಣ್ಣಗೆ, ಸಿಹಿಯಾಗಿತ್ತು.

"ಅದು… ಸ್ಟ್ರಾ ಆಕ್ಕಬ್ಯಾಡಿ ಅಂದಿದ್ರು ಡಾಕ್ಟ್ರು" ಎಂದ ಬೆಟ್ಟಸ್ವಾಮಿ, ಬುರುಡೆ ಖಾಲಿಯಾದ ಮೇಲೆ.

ಶನಿವಾರ ಮಧ್ಯಾಹ್ನದಿಂದ ನೋವು ಶುರುವಾಯಿತು. ದವಡೆಯಿಂದ ಹೊರಟು ಕಿವಿಯ ಹಿಂದೆ ಹಾದು ನೆತ್ತಿಯವರೆಗೆ ಹೋಗುವ ನೋವು. ಭಾನುವಾರ ರಜೆಯಾದರೂ ರಮ್ಯಶ್ರೀ ಕ್ಲಿನಿಕ್ಕಿನ ಬಾಗಿಲು ತೆಗೆದು, ನೋಡಿ, "ಹೀರಿದ್ರಾ ಆಂಟಿ?" ಎಂದಳು. ಗಾಯದ ಗುಳಿಗೆ ಲವಂಗದೆಣ್ಣೆ ವಾಸನೆಯ ಔಷಧಿ ತುಂಬಿದಳು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ, ಗಟ್ಟಿ ಏನೂ ತಿನ್ನುವಂತಿಲ್ಲ, ಬಿಸಿ ತಾಗಿಸುವಂತಿಲ್ಲ, ಹೊಲಿಗೆ ಬಿಚ್ಚುವವರೆಗೆ ಮಾತೇ ಬೇಡ ಎಂದಳು. ಇನ್ನೂ ರೇಗುವ ಸಂಗತಿಯೆಂದರೆ, ಇಷ್ಟು ಹೊತ್ತಿಗೆ ಕೆನ್ನೆಯ ಊತ ಪೂರ್ತಿ ಇಳಿದಿತ್ತು. ಒಳಗೆ ಪ್ರಾಣ ಹೋಗುತ್ತಿದ್ದರೂ ಹೊರಗಿನಿಂದ ನೋಡಿದವರಿಗೆ ಸರ್ವಮಂಗಳಾ ಎಂದಿನ ಹಾಗೆಯೇ, ಮುಖ ಗಂಟಿಕ್ಕಿಕೊಂಡಂತೆ ಕಾಣುತ್ತಿದ್ದಳು.

ಸೋಮವಾರ ಬೆಳಗ್ಗೆ ಹೊರಟಳು. ಹೋದ ಗೌರಿ ಹಬ್ಬಕ್ಕೆ ತಮ್ಮ ಕೊಟ್ಟ ಹಸಿರು ಸೀರೆಯನ್ನೇ ಉಟ್ಟಳು. ಸುತ್ತೂರಿನ ಮೇಲೆ ಹೋಗುವ ಬಸ್ಸು ಹಂಪು ಹಾರಿದಾಗಲೆಲ್ಲ ದವಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಬೆಟ್ಟಸ್ವಾಮಿ ಕಿಟಕಿಯ ಪಕ್ಕ ಕೂತು ಭತ್ತದ ಗದ್ದೆಗಳನ್ನು ನೋಡಿಕೊಂಡು ಬಂದ.

ಹೊಸ ಮನೆಯ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಚಿಕ್ಕಸ್ವಾಮಿ ಅಕ್ಕನನ್ನು ಕಂಡು ಓಡಿ ಬಂದು ಕಾಲು ಮುಟ್ಟಿದ. ಸುನೀತಾ ಒಳಬಾಗಿಲಿನಿಂದಲೇ, "ಬನ್ನಿ ಅತ್ತಿಗೆ. ಉಸಾರಿಲ್ಲ ಅಂದ್ರಂತೆ. ಚೆನ್ನಾಗೇ ಇದ್ದೀರಲ್ಲ" ಎಂದಳು. ಸರ್ವಮಂಗಳಾ ಬಾಯಿಯ ಕಡೆ ಕೈ ತೋರಿಸಿದಳು. ಸುನೀತಾ ಅಷ್ಟರಲ್ಲಿ ತಿರುಗಿಕೊಂಡಾಗಿತ್ತು. ಪೂಜೆಯ ಗಲಾಟೆ, ಬರುವವರು ಹೋಗುವವರು, ಮೈಕಿನ ಹಾಡು. ಉಳಿದವರು ಕೇಳಿದ್ದಕ್ಕೆಲ್ಲ ಬೆಟ್ಟಸ್ವಾಮಿ "ಹೂಂ, ಉಸಾರಿಲ್ಲ" ಎನ್ನುತ್ತಿದ್ದ. ಅದಕ್ಕಿಂತ ಒಂದು ಪದ ಹೆಚ್ಚು ಅವನ ಬಾಯಿಂದ ಬರಲಿಲ್ಲ.

ಹಾಲು ಉಕ್ಕಿತು. ಉಕ್ಕಿಸಿದವಳೇ ಮೊದಲ ಗುಟುಕು ಕುಡಿಯುವುದು ಆ ಮನೆತನದ ಪದ್ಧತಿ. ಸುನೀತಾ ಲೋಟಕ್ಕೆ ಬಗ್ಗಿಸಿ ಅತ್ತಿಗೆಯ ಕೈಗೆ ಕೊಟ್ಟು, ಎವೆಯಿಕ್ಕದೆ ನೋಡಿದಳು. ಹಾಲು ಕೈ ಸುಡುವಷ್ಟು ಬಿಸಿ. ಸರ್ವಮಂಗಳಾ ಆರಲಿ ಎಂದು ಸನ್ನೆ ಮಾಡಿ ಲೋಟವನ್ನು ಕಿಟಕಿಯ ದಂಡೆಯ ಮೇಲಿಟ್ಟಳು. ಯಾರೋ ಆರತಿಗೆ ಕರೆದರು. ಆರತಿ ಎತ್ತಿ ತಿರುಗಿ ನೋಡಿದರೆ, ಕಿಟಕಿಯ ಹತ್ತಿರ ಬೆಟ್ಟಸ್ವಾಮಿ ಖಾಲಿ ಲೋಟ ಹಿಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ತನಗೆಂದೇ ಇಟ್ಟಿದ್ದಾಳೆಂದು ಪಾಪ ಕುಡಿದುಬಿಟ್ಟಿದ್ದ. ಸುನೀತಾ ಅದನ್ನೂ ನೋಡಿದಳು. ಸರ್ವಮಂಗಳಾಗೆ ಆ ಕ್ಷಣದಲ್ಲಿ ಗಂಡನನ್ನು ಅದೇ ಲೋಟದಿಂದ ಕುಟ್ಟಬೇಕೆನ್ನಿಸಿತು.

ಊಟಕ್ಕೆ ಮೊದಲ ಪಂಕ್ತಿಯ ಮೊದಲ ಎಲೆಗೆ ಚಿಕ್ಕಸ್ವಾಮಿ ಭಾವನನ್ನು ತಾನೇ ಕರೆದೊಯ್ದು ಕೂರಿಸಿದ. ಪಕ್ಕದ ಎಲೆ ಅಕ್ಕನದು. ಉಪ್ಪು ಬಂತು, ಪಲ್ಯ ಬಂತು, ಕೋಸಂಬರಿ ಬಂತು, ಒಬ್ಬಟ್ಟಿನ ಮೇಲೆ ತುಪ್ಪ ಬಂತು, ಹೊಗೆಯಾಡುವ ಅನ್ನ ಸಾರು ಬಂತು. ಬೆಟ್ಟಸ್ವಾಮಿ ಒಬ್ಬಟ್ಟಿಗೆ ಕೈ ಹಾಕಿದ. ಸರ್ವಮಂಗಳಾ ಒಂದು ಚೂರು ಒಬ್ಬಟ್ಟನ್ನು ತುಪ್ಪದಲ್ಲಿ ಕಿವುಚಿ ಬಲಗಡೆಯ ತುಟಿಯೊಳಗೆ ನೂಕಿದಳು. ಅದು ನಾಲಿಗೆಯ ಮೇಲೆ ಉರುಳಿ ನೇರವಾಗಿ ಎಡಗಡೆಯ ಗುಳಿಗೇ ಹೋಗಿ ಕೂತಿತು. ಕಣ್ಣು ಕತ್ತಲೆಗಟ್ಟಿತು. ತಡೆಯಲಾರದೆ ಸೆರಗಿಗೆ ಉಗುಳಿಕೊಂಡಳು.

ಬಡಿಸುತ್ತಿದ್ದ ಸುನೀತಾಳ ಕೈಯಲ್ಲಿದ್ದ ಸೌಟು ನಿಂತಿತು.

"ಸಾಕು ಬಿಡಿ ಅತ್ತಿಗೆ" ಎಂದಳು. ಕೂಗಲಿಲ್ಲ, ಆದರೆ ಪಂಕ್ತಿಯೆಲ್ಲ ಕೇಳಿಸಿಕೊಂಡಿತು. "ಆಲು ಕುಡೀಲಿಲ್ಲ. ಈಗ ಬಾಯಿಗಿಟ್ಟಿದ್ದನ್ನೂ ಉಗುಳಿದ್ರಿ. ನನ್ ಮದುವೆ ಊಟಾನೂ ಇಂಗೇ ಬಿಟ್ಟು ಎದ್ದೋದ್ರಿ. ಅವತ್ತಿಂದ ನಾನು ಈ ಮನೇಲಿ ಏನ್ ಶುಭ ಮಾಡಿದ್ರೂ ನೀವು ಇಲ್ಲ. ಕಾಲ್ಗುಣ ಸರಿಯಿಲ್ಲ ಅನ್ನಿಸ್ಕಂಡೋಳು ನಾನು. ನಿಮ್ಮ ಜಗಳ ತಮ್ಮನ ಜೊತೆ, ಅನುಭವಿಸಿದ್ದು ನಾನು."

ಸರ್ವಮಂಗಳಾ ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ಮಾತಿಗೆ ಉತ್ತರ ಕೊಡಲಾಗದೆ ಕೂತಳು. ಹೇಳುವುದು ಎಷ್ಟಿತ್ತು! ಹೊಟ್ಟೆ ಹಸಿದು ಸಾಯುತ್ತಿದ್ದೇನೆ, ನಿನ್ನ ಒಬ್ಬಟ್ಟು ಬೇಕು, ನಿನ್ನ ಮನೆ ಬೇಕು ಎಂದು ಹೇಳಬೇಕಾಗಿತ್ತು. ಗಂಟಲಿನಿಂದ ಗೊರಗೊರ ಸದ್ದು ಮಾತ್ರ ಹೊರಟಿತು.

ಚಿಕ್ಕಸ್ವಾಮಿ ಅಡ್ಡ ಬಂದ. ಹೆಂಡತಿಗೆ ಏನೂ ಹೇಳದೆ, ಬೆಟ್ಟಸ್ವಾಮಿಯ ಎಲೆಯ ಮುಂದೆ ಮಂಡಿಯೂರಿ ಕೈಮುಗಿದ. "ಭಾವ, ಅವತ್ತು ನಿಮ್ಮನ್ನ ಎಲೆ ಮುಂದಿಂದ ಎಬ್ಬಿಸಿದ್ದು ನಂದೇ ತಪ್ಪು. ಹತ್ತು ವರ್ಷದಿಂದ ನಿಮ್ಮ ಮುಖ ನೋಡಿ ಹೇಳಕ್ಕೆ ನಾಚಿಕೆ ಆಗಿ ಸುಮ್ನಿದ್ದೆ. ಹೊಟ್ಟೆಗೆ ಹಾಕ್ಕಳಿ."

ಬೆಟ್ಟಸ್ವಾಮಿಯ ಬಾಯಿ ತುಂಬ ಒಬ್ಬಟ್ಟಿತ್ತು. ಅವನು ಅಗಿದ. ಎಲ್ಲರೂ ಕಾದರು. ಅಭ್ಯಾಸಬಲದಿಂದ ಹೆಂಡತಿಯ ಕಡೆ ಒಮ್ಮೆ ನೋಡಿದ, ಅವಳು ಏನಾದರೂ ಹೇಳುತ್ತಾಳೇನೋ ಎಂದು. ಅವಳು ಹೇಳಲಿಲ್ಲ. ನುಂಗಿದ.

"ಯಾರು ಎಬ್ಬಿಸಿದ್ರು? ನಾನೇ ಎದ್ದಿದ್ದಲ್ವಾ" ಎಂದ.

ಬೆಟ್ಟಸ್ವಾಮಿಗೆ ಇಷ್ಟು ಹೊತ್ತು ಯಾರೂ ಅಡ್ಡ ಬಾರದೆ ಇದ್ದದ್ದು ಹೊಸದು. ಧೈರ್ಯ ಬಂದು ಮುಂದುವರಿಸಿದ. "ಅವತ್ತು ಬೆಳಗ್ಗಿಂದ ಅಡಿಗೆ ಬಟ್ರು ನನ್ನ ಕೂರಿಸ್ಕಂಡು ರುಚಿ ನೋಡಿ ರುಚಿ ನೋಡಿ ಅಂತ ವಡೆ ಕೊಟ್ರು, ಪಾಯಸ ಕೊಟ್ರು. ಹೊಟ್ಟೆ ಬಿರಿಯಂಗಿತ್ತು. ಇವಳು ಬಂದು ಎಳ್ಕೊಂಡೋಗಿ ಎಲೆ ಮುಂದೆ ಕೂರಿಸಿಬಿಟ್ಲು. ಹೆಂಗಪ್ಪಾ ಉಣ್ಣೋದು ಅಂತ ನೋಡ್ತಿದ್ದೆ. ಆ ಯಜಮಾನ್ರು ಜಾಗ ಇಲ್ದೆ ನಿಂತಿದ್ರು. ಸದ್ಯ ಬದುಕ್ದೆ ಅಂತ ಎದ್ದೆ."

"ಭಾವ… ವಸಿ ಜರುಗಿ ಅಂತ ಕೇಳಕ್ಕೆ ಬಗ್ಗಿದ್ದೆ ನಾನು" ಎಂದ ಚಿಕ್ಕಸ್ವಾಮಿ ನಿಧಾನವಾಗಿ. "ಕೇಳೋದ್ರೊಳಗೆ ನೀವು ಎದ್ಬಿಟ್ರಿ. ನಾನು ಎಬ್ಬಿಸ್ದಂಗಾಯ್ತು ಅಂತ ನಂಗೇ ಅನ್ನಿಸ್ತು. ಹೇಳ್ಬಾರ್ದಾಗಿತ್ತಾ ನೀವು?"

"ಹೇಳಕ್ಕೋದೆ. ಸುಮ್ನಿರಿ ಅಂದ್ಲು" ಎಂದ ಬೆಟ್ಟಸ್ವಾಮಿ. "ಬಸ್ಸಲ್ಲೂ ಹೇಳಕ್ಕೋದೆ. ಸುಮ್ನಿರಿ ಅಂದ್ಲು. ಆಮೇಲೆ ಇನ್ನೇನು ಅಂತ ಬಿಟ್ಟೆ. ನೀವೆಲ್ಲ ಇನ್ನೂ ಅದನ್ನೇ ಹಿಡ್ಕೊಂಡಿದ್ದೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಸರ್ವಮಂಗಳಾಗೆ ರೋಷ ಉಕ್ಕಿತು. ಎಂಥ ಗಂಡಸು ಇವನು! ಹತ್ತು ಗೌರಿ ಹಬ್ಬ ಕಳೆದವು. ತಮ್ಮನ ಮಗಳ ಕಿವಿಯಲ್ಲಿ ಯಾರೋ ಹೆಸರು ಹೇಳಿದರು. ಅವಳು ಇವನ ಮಾನಕ್ಕಾಗಿ ತವರು ಬಿಟ್ಟು ಕೂತಿದ್ದರೆ ಇವನು ವಡೆ ತಿಂದು ಹೊಟ್ಟೆ ಭಾರವಾಗಿ ಎದ್ದಿದ್ದನಂತೆ! ನೋವನ್ನೂ ಮರೆತು ಕೂಗಲು ಬಾಯಿ ತೆರೆದೇಬಿಟ್ಟಳು. ದವಡೆ ಕಳಕ್ ಎಂದಿತು. ಮಾತಿನ ಬದಲು ಲವಂಗದೆಣ್ಣೆಯ ಘಾಟು ಹೊರಬಂತು, ತುಟಿಯ ಅಂಚಿನಿಂದ ರಕ್ತದ ಎಳೆಯೊಂದು ಇಳಿಯಿತು.

ಎದುರಿಗೇ ಬಗ್ಗಿದ್ದ ಸುನೀತಾ ನೋಡಿದಳು. ಕೆಂಪಗೆ ಗುಳಿಬಿದ್ದ ದವಡೆ, ಕರಿದಾರದ ಹೊಲಿಗೆ. ಸೌಟು ಪಾತ್ರೆಯೊಳಗೆ ಬಿತ್ತು.

"ಅಯ್ಯೋ ಶಿವನೇ! ಅತ್ತಿಗ್ಗೆ ಹಲ್ಲು ಕಿತ್ತವ್ರೆ! ಇದನ್ನ ಹೇಳ್ಬಾರ್ದಾ ಅಣ್ಣ ನೀವು?"

"ಹೇಳಿದ್ನಲ್ಲಮ್ಮ, ಉಸಾರಿಲ್ಲ ಅಂತ" ಎಂದ ಬೆಟ್ಟಸ್ವಾಮಿ.

ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಪಂಕ್ತಿ ನಕ್ಕಿತು. ಸುನೀತಾ ನಗಲಿಲ್ಲ. ಒಳಗೆ ಹೋಗಿ, ಬೆಳಗ್ಗೆ ಉಕ್ಕಿದ ಹಾಲಿನಲ್ಲಿ ಉಳಿದದ್ದನ್ನು ಎರಡು ಲೋಟಗಳ ನಡುವೆ ಎತ್ತಿ ಎತ್ತಿ ಹೊಯ್ದು ಆರಿಸಿ, ಬೆರಳು ಅದ್ದಿ ನೋಡಿ, ತಂದು ಅತ್ತಿಗೆಯ ಪಕ್ಕ ಕೂತಳು. ಸರ್ವಮಂಗಳಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ಅರ್ಧ ಹೊಟ್ಟೆಗೆ ಹೋಯಿತು, ಅರ್ಧ ಗಲ್ಲದಿಂದ ಇಳಿದು ಹಸಿರು ಸೀರೆಯ ಮೇಲೆ ಬಿತ್ತು. ಸುನೀತಾ ತನ್ನ ಸೆರಗಿನಿಂದ ಅತ್ತಿಗೆಯ ಬಾಯಿ ಒರೆಸಿದಳು. ಇಬ್ಬರ ಕಣ್ಣಲ್ಲೂ ನೀರು. ನೋವಿನದೆಷ್ಟು, ಇನ್ನೊಂದರದೆಷ್ಟು ಎಂದು ಸರ್ವಮಂಗಳಾಗೇ ತಿಳಿಯಲಿಲ್ಲ. ಸುನೀತಾಳ ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ತಪ್ಪಾಯಿತು ಎಂಬುದಕ್ಕೆ ಬೇರೆ ಯಾವ ಸನ್ನೆಯೂ ಅವಳಿಗೆ ಹೊಳೆಯಲಿಲ್ಲ.

ಸಂಜೆ ಹೊರಡುವಾಗ ನಯನಾ ಬಂದು ಅತ್ತೆಯ ಬೆರಳು ಹಿಡಿದುಕೊಂಡು ಬಸ್ಸಿನವರೆಗೂ ನಡೆದಳು. ಎಳನೀರಿನ ಕಥೆಯನ್ನು ಬೆಟ್ಟಸ್ವಾಮಿಯ ಬಾಯಿಂದ ಕೇಳಿದ್ದ ಸುನೀತಾ ಬಾಟಲಿಯಲ್ಲಿ ತಣ್ಣನೆಯ ರಾಗಿ ಅಂಬಲಿ ತುಂಬಿಕೊಟ್ಟು, "ಲೋಟದಲ್ಲೇ ಕುಡೀರಿ ಅತ್ತಿಗೆ" ಎಂದಳು. ಬಸ್ಸು ಹೊರಟಿತು. ಸರ್ವಮಂಗಳಾ ಗಂಡನ ಕಡೆ ತಿರುಗದೆ ಮುಂದಿನ ಸೀಟನ್ನೇ ನೋಡುತ್ತ ಕೂತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದು ಅವನ ಮೇಲಿನದೋ ತನ್ನ ಮೇಲಿನದೋ ಎಂದು ಕೇಳಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಸುತ್ತೂರು ದಾಟಿದ ಮೇಲೆ ಬೆಟ್ಟಸ್ವಾಮಿ ಮೆಲ್ಲಗೆ ಕೆಮ್ಮಿದ.

"ಹೊಲಿಗೆ ಯಾವತ್ತು ಬಿಚ್ತಾರಂತೆ?"

ಅವಳು ಮೂರು ಬೆರಳು ತೋರಿಸಿದಳು.

"ಮೂರು ದಿನಾನಾ?" ಅವನು ಯೋಚನೆಗೆ ಬಿದ್ದ. "ಹಂಗಾದ್ರೆ… ಇನ್ನೂ ವಸಿ ಇಸ್ಯ ಅವೆ ಕಣೇ. ಹೇಳ್ಬೇಕು ಅಂತ ಇದ್ದವು. ಹಳೇವು."

"ನೀವು ಸುಮ್ನಿರಿ" ಎಂಬುದು ಗಂಟಲಿನವರೆಗೆ ತಾನಾಗಿಯೇ ಬಂತು. ನಾಲಿಗೆ ಏಳಲು ಹೋಗಿ, ಹೊಲಿಗೆಗೆ ತಾಗಿ, ಅಲ್ಲೇ ನಿಂತಿತು. ಸರ್ವಮಂಗಳಾ ಸೀಟಿನಲ್ಲಿ ತಿರುಗಿ ಗಂಡನ ಮುಖ ನೋಡಿದಳು. ಇನ್ನೇನೇನು ನುಂಗಿಕೊಂಡು ಕೂತಿದ್ದಾನೋ ಈ ಮನುಷ್ಯ ಎಂದುಕೊಂಡಳು. ಆಮೇಲೆ ಕೈಯನ್ನು ಮಡಿಲಿನಿಂದ ಎತ್ತಿ, ಮುಷ್ಟಿ ಕಟ್ಟಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು.

ಆ ಸನ್ನೆಯಲ್ಲಿ ಬೆಟ್ಟಸ್ವಾಮಿ ತಪ್ಪುವಂತೆಯೇ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದ.